ಮನೆಯ ಕಂಪ್ಯೂಟರಿನ ಸುರಕ್ಷೆ: ‘ಆಮೇಲೆ’ ಎನ್ನಬೇಡಿ

ಕಂಪ್ಯೂಟರ್ ಬಂದ್ ಮಾಡುವ ಹೊತ್ತಿಗೆ ಪರದೆಯ ಮೇಲೆ ಅಪ್‌ಡೇಟ್ ಸೂಚನೆ ಬಂದರೆ ಮನೆಯಲ್ಲಿ ಯಾರಿಗೂ ಸಂತೋಷವಾಗುವುದಿಲ್ಲ. ಮಗಳಿಗೆ ಪ್ರಾಜೆಕ್ಟ್ ಮುಗಿಸುವ ಆತುರ, ಅಪ್ಪನಿಗೆ ನಡುವೆ ಕರೆಂಟು ಹೋದೀತೆಂಬ ಭಯ. ‘ಆಮೇಲೆ’ ಎಂದು ಒತ್ತುತ್ತಾ ತಿಂಗಳುಗಳೇ ಕಳೆಯುತ್ತವೆ.

ತಂತ್ರಾಂಶ ಬರೆಯುವವರೂ ಮನುಷ್ಯರೇ. ಲಕ್ಷಗಟ್ಟಲೆ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಉಳಿದುಬಿಡುತ್ತದೆ. ಕಳ್ಳರಿಗೆ ಅದೇ ಕಿಂಡಿ. ಅದನ್ನು ಮುಚ್ಚಲು ಕಂಪನಿ ಕಳುಹಿಸುವ ತೇಪೆಯೇ ಈ ಅಪ್‌ಡೇಟ್. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಇದನ್ನು ಬಿಡುಗಡೆ ಮಾಡುತ್ತದೆ. ನಮ್ಮಲ್ಲಿ ಆಗ ರಾತ್ರಿ. ತೇಪೆ ಹೊರಬಂದರೆ ಕಿಂಡಿ ಎಲ್ಲಿತ್ತೆಂಬುದು ಕಳ್ಳರಿಗೂ ತಿಳಿಯುತ್ತದೆ. ತಡಮಾಡುವವರಿಗೆ ಅಪಾಯ ಹೆಚ್ಚುವುದು ಇಲ್ಲಿಯೇ.

2017ರಲ್ಲಿ ನಡೆದದ್ದು ಇದೇ. ಮಾರ್ಚ್ 14ರಂದು ವಿಂಡೋಸಿನ ಒಂದು ದೋಷಕ್ಕೆ ತೇಪೆ ಬಂದಿತ್ತು. ಮೇ 12ರಂದು ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ ಅದೇ ದೋಷದ ಮೂಲಕ ನುಗ್ಗಿತು. ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗಿಯೇ ಹಬ್ಬಿತು. ಕಡತಗಳಿಗೆಲ್ಲ ಬೀಗ ಜಡಿದು 300 ಡಾಲರ್ ಕೇಳಿತು. ಸುಮಾರು 150 ದೇಶಗಳಿಗೆ ಅದರ ಬಿಸಿ ತಟ್ಟಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೂ ರದ್ದಾದವು. ತೇಪೆ ಹಾಕಿಸಿಕೊಳ್ಳಲು ಹೆಚ್ಚಿನವರಿಗೆ ಎರಡು ತಿಂಗಳ ಹತ್ತಿರ ಸಮಯವಿತ್ತೆಂಬುದೇ ಬೇಸರದ ಸಂಗತಿ.

ವಿಂಡೋಸ್ 11ರಲ್ಲಿ ಅಪ್‌ಡೇಟ್ ತಾನಾಗಿಯೇ ಬರುತ್ತದೆ. ಯಾರಾದರೂ ತಡೆಹಿಡಿದಿದ್ದಾರೆಯೇ ಎಂದು ಮಾತ್ರ ಸೆಟ್ಟಿಂಗ್ಸ್‌ನಲ್ಲಿರುವ ‘ವಿಂಡೋಸ್ ಅಪ್‌ಡೇಟ್’ ತೆರೆದು ನೋಡಿ. ನೀವು ಕೆಲಸ ಮಾಡುವ ವೇಳೆಯನ್ನು ಅಲ್ಲಿಯೇ ಗುರುತಿಸಿಟ್ಟರೆ ಆ ಹೊತ್ತಿನಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಕ್ರೋಮ್ ಕೂಡ ತಾನೇ ಹೊಸತಾಗುತ್ತದೆ, ಆದರೆ ಅದನ್ನು ಒಮ್ಮೆ ಮುಚ್ಚಿ ತೆರೆಯಬೇಕು. ವಾರಗಟ್ಟಲೆ ತೆರೆದೇ ಇಡುವವರು ಇದನ್ನು ಗಮನಿಸಲಿ.

ಇನ್ನೂ ವಿಂಡೋಸ್ 10 ಇರುವ ಮನೆಗಳು ಅನೇಕ. ಅದಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ಎಂದಿನಂತೆಯೇ ಓಡುತ್ತದೆ, ಆದ್ದರಿಂದ ಏನೂ ಆಗಿಲ್ಲವೆಂದು ತೋರುತ್ತದೆ. ಪ್ರತ್ಯೇಕ ಯೋಜನೆಗೆ ನೋಂದಾಯಿಸದಿದ್ದರೆ ಹೊಸ ತೇಪೆಗಳು ಬರುವುದಿಲ್ಲ. ಯಂತ್ರ ಹಳೆಯದಾಗಿ ವಿಂಡೋಸ್ 11 ಹಿಡಿಸದಿದ್ದರೆ ಉಚಿತವಾಗಿ ಸಿಗುವ ಉಬುಂಟು ಹಾಕಿಸಬಹುದು. ಹಾಕಿಸುವ ಮೊದಲು ಗಲ್ಫಿನಿಂದ ಬಂದ ಫೋಟೋ, ಮದುವೆಯ ವೀಡಿಯೋಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ತಂತಿ ಕಳಚಿ ಕಪಾಟಿನಲ್ಲಿಡಿ.

ಹಾಂ, “ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ನಂಬರಿಗೆ ಕರೆ ಮಾಡಿ” ಎಂದು ಪರದೆಯಲ್ಲಿ ಬಂದರೆ ಅದು ಅಪ್‌ಡೇಟ್ ಅಲ್ಲ. ನಿಜವಾದ ಅಪ್‌ಡೇಟ್ ಯಾರಿಗೂ ಫೋನ್ ಮಾಡಲು ಹೇಳುವುದಿಲ್ಲ.