ಬಾಣದ ಹಿಂದೆ ಹೋಗಿ ಮುಂಗಾರು ಹಿಡಿಯುವುದು

ಮುಂಗಾರು ನೈಋತ್ಯದಿಂದ ಬರುತ್ತದೆ ಎಂದು ಪಠ್ಯಪುಸ್ತಕ ಒಂದು ಬಾಣ ಎಳೆದು ತೋರಿಸುತ್ತದೆ. ಮಕ್ಕಳು ಅದನ್ನು ಉರು ಹೊಡೆದು ಪರೀಕ್ಷೆಯಲ್ಲಿ ಬರೆಯುತ್ತಾರೆ. ಆ ಗಾಳಿ ಹೊರಟದ್ದೆಲ್ಲಿಂದ ಎಂದು ಕೇಳಿ ನೋಡಿ, ಬಹಳ ಮಕ್ಕಳು ಅರಬ್ಬೀ ಸಮುದ್ರದಲ್ಲೇ ನಿಂತುಬಿಡುತ್ತಾರೆ. ಅದರಾಚೆಯ ದಾರಿಯನ್ನು ಮೊಬೈಲಿನಲ್ಲೇ ತೋರಿಸಬಹುದು. ‘ಅರ್ತ್ ನಲ್‌ಸ್ಕೂಲ್’ ಎಂಬ ಜಾಲತಾಣದಲ್ಲಿ ಭೂಗೋಳದ ಮೇಲೆ ಗಾಳಿ ಎಳೆಎಳೆಯಾಗಿ ಹರಿಯುತ್ತಿರುತ್ತದೆ. ಲಾಗಿನ್ ಬೇಡ, ಕಾಸೂ ಬೇಡ. ಮುಟ್ಟಿದ ಜಾಗದಲ್ಲಿ ಗಾಳಿಯ ದಿಕ್ಕು, ವೇಗ ಸಿಗುತ್ತದೆ. ಹಳೆಯ ದಿನಾಂಕಗಳಿಗೂ ಹೋಗಬಹುದು.

ಮೊದಲು ಜುಲೈ ತಿಂಗಳ ಒಂದು ದಿನ ತೆರೆಯಿರಿ. ಮೆನುವಿನಲ್ಲಿ ಎತ್ತರದ ಸಾಲಿಗೆ ಹೋಗಿ 850 ಒತ್ತಿ. ಅದು ಸುಮಾರು ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿ. ಮಂಗಳೂರಿನ ಮೇಲೆ ಬೆರಳಿಟ್ಟು ಎಳೆಯ ಹಿಂದೆ ಹಿಂದೆ ಹೋಗಲು ಮಗುವಿಗೆ ಹೇಳಿ. ಅರಬ್ಬೀ ಸಮುದ್ರ, ಸೊಮಾಲಿಯಾ ತೀರ, ಕೆನ್ಯಾ, ಆಮೇಲೆ ಭೂಮಧ್ಯರೇಖೆ ದಾಟಿ ದಕ್ಷಿಣ ಹಿಂದೂ ಮಹಾಸಾಗರ. ರೇಖೆಯ ಆಚೆ ಆಗ್ನೇಯದಿಂದ ಬೀಸುವ ಗಾಳಿ ಈಚೆ ಬಂದಮೇಲೆ ನೈಋತ್ಯದ್ದಾಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಗಾಳಿ ಉತ್ತರಾರ್ಧದಲ್ಲಿ ಬಲಕ್ಕೂ ದಕ್ಷಿಣಾರ್ಧದಲ್ಲಿ ಎಡಕ್ಕೂ ವಾಲುತ್ತದೆ. ತಿರುವಿನ ಗುಟ್ಟು ಅದು. ಪೂರ್ವ ಆಫ್ರಿಕಾದ ಎತ್ತರದ ನೆಲ ಗೋಡೆಯಂತೆ ಅಡ್ಡ ನಿಂತು ಗಾಳಿಯನ್ನು ಒಂದು ಓಣಿಗೆ ನೂಕುವುದರಿಂದ ಸೊಮಾಲಿಯಾ ಬಳಿ ಅದರ ರಭಸ ಏರುತ್ತದೆ. ಅಲ್ಲಿ ಬಣ್ಣ ಬದಲಾಗುವುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ.

ಇನ್ನು ಜನವರಿ. ದಿನಾಂಕ ಬದಲಿಸುವ ಮುನ್ನ ಗಾಳಿ ಯಾವ ಕಡೆಯಿಂದ ಬರಬಹುದೆಂದು ಕಾಗದದ ಮೇಲೆ ಬಾಣ ಹಾಕಿಸಿ. ನನ್ನ ಪ್ರಕಾರ ಪಾಠವಿರುವುದೇ ಇಲ್ಲಿ. ಊಹಿಸದೆ ನೋಡಿದರೆ ಅದು ಬಣ್ಣದ ವಿಡಿಯೋ ಅಷ್ಟೆ. ಗಾಳಿ ಈಶಾನ್ಯದಿಂದ ಬೀಸುವುದನ್ನು ಕಂಡು, ಅದೇ ಸಮುದ್ರದ ಮೇಲೆ ಹೀಗೇಕೆ ತಿರುಗುಮುರುಗಾಯಿತು ಎಂದು ಕೇಳಿಯೇ ಕೇಳುತ್ತಾರೆ. ಬೇಸಿಗೆಯಲ್ಲಿ ನೆಲ ಕಾದು ಒತ್ತಡ ಇಳಿಯುತ್ತದೆ, ಚಳಿಗಾಲದಲ್ಲಿ ನೆಲ ಬೇಗ ತಣಿದು ಒತ್ತಡ ಏರುತ್ತದೆ ಎಂಬ ವಿವರಣೆಯನ್ನು ಅಲ್ಲಿಯವರೆಗೆ ಹೇಳದೆ ಇಟ್ಟುಕೊಂಡಿರಿ.

ದೊಡ್ಡ ಮಕ್ಕಳಾದರೆ, ಉತ್ತರಾರ್ಧ-ದಕ್ಷಿಣಾರ್ಧಗಳ ಆ ವ್ಯತ್ಯಾಸವನ್ನು ಚಂಡಮಾರುತಗಳಲ್ಲೂ ನೋಡಲು 2021ರ ಮೇ 16ಕ್ಕೆ ಕರೆದೊಯ್ಯಿರಿ. ಅರಬ್ಬೀ ಸಮುದ್ರದಲ್ಲಿ ತೌಕ್ತೆ ಚಂಡಮಾರುತ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಿರುತ್ತದೆ. 2023ರ ಫೆಬ್ರುವರಿ 20ರಂದು ಮಡಗಾಸ್ಕರಿನ ಪೂರ್ವಕ್ಕಿದ್ದ ಫ್ರೆಡ್ಡಿ ಚಂಡಮಾರುತ ಸುತ್ತುವುದು ಮುಳ್ಳಿನ ದಿಕ್ಕಿನಲ್ಲೇ.

ಒಂದು ಎಚ್ಚರಿಕೆ: ಇದು ಫೋಟೋ ಅಲ್ಲ. ಉಪಗ್ರಹ, ಬಲೂನು, ಹಡಗುಗಳ ಅಳತೆಗಳನ್ನು ಉಣಿಸಿ ಕಂಪ್ಯೂಟರ್ ಮಾಡಿದ ಲೆಕ್ಕ. ನಿಮ್ಮ ಬೀದಿಯ ಮಳೆ ಅದರ ಜಾಲರಿಗೆ ಸಿಗುವುದಿಲ್ಲ. ಅದಕ್ಕೆ ಅಂಗಳದಲ್ಲೊಂದು ಮಳೆಮಾಪಕ ಇರಲಿ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಭುಜ ಕತ್ತರಿಸಿ, ಆ ತುಂಡನ್ನೇ ತಲೆಕೆಳಗಾಗಿ ಒಳಗೆ ಕೂರಿಸಿ. ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಸುರಿದು, ಅಲ್ಲಿಂದ ಮೇಲಕ್ಕೆ ಸ್ಕೇಲು ಅಂಟಿಸಿ. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8:30ಕ್ಕೆ ಓದಿ, ಮತ್ತೆ ನೀರನ್ನು ಸೊನ್ನೆ ಗೆರೆಗೆ ತನ್ನಿ. 2.5 ಮಿಲಿಮೀಟರ್ ದಾಟಿದರೆ ಇಲಾಖೆಯ ಲೆಕ್ಕದಲ್ಲೂ ಅದು ಮಳೆಯ ದಿನ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರಕಟಿಸುವ ಹೋಬಳಿ ಮಳೆಯ ಅಂಕಿಯೊಂದಿಗೆ ಹೋಲಿಸಿ. ವ್ಯತ್ಯಾಸ ಕಂಡರೆ ಕೂಡಲೇ ತಪ್ಪೆನ್ನಬೇಡಿ, ಗುಡುಗು ಮಳೆ ಒಂದು ಬೀದಿಗೆ ಸುರಿದು ಪಕ್ಕದ ಬೀದಿಯನ್ನು ಬಿಡುವುದುಂಟು. ದಿನವೂ ಕಡಿಮೆಯೇ ಬರುತ್ತಿದ್ದರೆ ಮಾತ್ರ, ಬಾಟಲಿಗೆ ಮರವೋ ಸಜ್ಜವೋ ಅಡ್ಡ ಬಂದಿದೆಯೇ ನೋಡಿ.