ರೇಡಿಯೇಟರಿನ ನೀರು ಎಲ್ಲಿ ಹೋಯಿತು?

ಮಂಗಳೂರಿನಿಂದ ಮಡಿಕೇರಿಗೆ ಹೊರಟ ಹಳೆಯ ಅಂಬಾಸಿಡರ್ ಕಾರೊಂದು ಸಂಪಾಜೆಯನ್ನು ದಾಟಿ ಘಾಟಿಯನ್ನು ಏರುತ್ತಿದೆ ಎಂದು ಭಾವಿಸೋಣ. ಒಳಗೆ ಐದು ಜನ. ಹಿಂದೆ ಸಾಮಾನಿನ ಹೊರೆ. ತಿರುವಿನ ಮೇಲೆ ತಿರುವು. ಚಾಲಕನು ಎರಡನೆಯ ಗೇರಿನಲ್ಲಿಯೇ ಗಾಡಿಯನ್ನು ನಡೆಸುತ್ತಿದ್ದಾನೆ. ಇದ್ದಕ್ಕಿದ್ದಂತೆ ಎಂಜಿನ್ನಿನ ಉಷ್ಣತೆಯನ್ನು ತೋರಿಸುವ ಮುಳ್ಳು ಕೊನೆಯ ಗೆರೆಯನ್ನು ಮುಟ್ಟುತ್ತದೆ. ಬಾನೆಟ್ಟಿನ ಅಂಚಿನಿಂದ ಬಿಳಿಯ ಹಬೆ ಏಳುತ್ತದೆ. ಗಾಡಿಯನ್ನು ನಿಲ್ಲಿಸಿ ಬಾನೆಟ್ಟನ್ನು ಎತ್ತಿದ ಕೂಡಲೆ ಪ್ರಯಾಣಿಕರಲ್ಲೊಬ್ಬರು ರೇಡಿಯೇಟರಿನ ಮುಚ್ಚಳದತ್ತ ಕೈ ಚಾಚುತ್ತಾರೆ. “ಮುಟ್ಟಬೇಡಿ ಸ್ವಾಮಿ, ಮುಖ ಸುಟ್ಟುಹೋದೀತು!” ಎಂದು ಚಾಲಕನು ಕೂಗಿ ಅವರನ್ನು ತಡೆಯುತ್ತಾನೆ.

ಆ ಕೂಗಿನಲ್ಲಿ ಅತಿಶಯೋಕ್ತಿ ಏನೂ ಇಲ್ಲ. ಅದರ ಕಾರಣ ತಿಳಿಯಬೇಕಾದರೆ ಎಂಜಿನ್ನಿಗೆ ನೀರು ಏಕೆ ಬೇಕೆಂಬುದನ್ನು ಮೊದಲು ತಿಳಿಯಬೇಕು.

ಪೆಟ್ರೋಲು ಉರಿಯುವಾಗ ಸಿಲಿಂಡರಿನೊಳಗಿನ ಅನಿಲಗಳ ಉಷ್ಣತೆ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಅದರೊಳಗೆ ಮೇಲಕ್ಕೂ ಕೆಳಕ್ಕೂ ಚಲಿಸುವ ಪಿಸ್ಟನ್ನಿನ ಮುಖ್ಯ ಲೋಹ ಅಲ್ಯೂಮಿನಿಯಂ. ಅದು 660 ಡಿಗ್ರಿಗೇ ಕರಗುತ್ತದೆ! ಹೀಗಿದ್ದೂ ಪಿಸ್ಟನ್ನು ಕರಗದೆ ಉಳಿಯುವುದಕ್ಕೆ ಸಿಲಿಂಡರುಗಳ ಸುತ್ತಲೂ ಹರಿಯುವ ನೀರೇ ಬಹುಮಟ್ಟಿಗೆ ಕಾರಣ. ಪಂಪು ಈ ನೀರನ್ನು ಎರಕದ ಕಬ್ಬಿಣದ ಒಳದಾರಿಗಳಲ್ಲಿ ಓಡಿಸುತ್ತದೆ. ಕಾದ ನೀರು ಮೇಲಿನ ರಬ್ಬರ್ ಕೊಳವೆಯ ಮೂಲಕ ರೇಡಿಯೇಟರಿಗೆ ಬಂದು, ಅದರ ಕಿರುನಾಳಗಳಲ್ಲಿ ಇಳಿಯುತ್ತ ಗಾಳಿಗೆ ತನ್ನ ಶಾಖವನ್ನು ಕೊಟ್ಟು, ಕೆಳಗಿನ ಕೊಳವೆಯಿಂದ ಮತ್ತೆ ಎಂಜಿನ್ನನ್ನು ಸೇರುತ್ತದೆ.

ಇನ್ನು ಆ ಮುಚ್ಚಳದ ವಿಷಯ. ನೋಟಕ್ಕೆ ಅದು ಡಬ್ಬಿಯೊಂದರ ಮುಚ್ಚಳದಂತೆ ಕಂಡರೂ ಅದರ ಕೆಲಸ ಅಡುಗೆಮನೆಯ ಪ್ರೆಷರ್ ಕುಕ್ಕರಿನ ಭಾರದ ಕೆಲಸವೇ ಆಗಿದೆ. ಅದರೊಳಗಿನ ಸ್ಪ್ರಿಂಗು ನಿಗದಿಯಾದ ಒತ್ತಡ ಬರುವವರೆಗೆ ಹಬೆಯನ್ನು ಹೊರಗೆ ಬಿಡುವುದಿಲ್ಲ. ಒತ್ತಡ ಹೆಚ್ಚಿದಂತೆ ನೀರಿನ ಕುದಿಬಿಂದುವೂ ಏರುತ್ತದೆ. ಹೊರಗಿನ ಗಾಳಿಗಿಂತ ಅರ್ಧ ವಾಯುಭಾರದಷ್ಟು ಹೆಚ್ಚಿನ ಒತ್ತಡವನ್ನು ತಡೆಹಿಡಿದರೆ, ಸಮುದ್ರಮಟ್ಟದಲ್ಲಿ ನೀರು ಸುಮಾರು 111 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಅಂಥ ನೀರಿನ ಮೇಲಿನ ಮುಚ್ಚಳವನ್ನು ಒಮ್ಮೆಲೇ ತೆರೆದರೆ ಒತ್ತಡ ಇಳಿದು ನೀರಿನ ಒಂದು ಪಾಲು ಆ ಕ್ಷಣವೇ ಹಬೆಯಾಗುತ್ತದೆ. ನೀರು ಹಬೆಯಾದಾಗ ಅದರ ಗಾತ್ರ ಸುಮಾರು 1600 ಪಟ್ಟು ಹಿಗ್ಗುವುದರಿಂದ, ಉಳಿದ ಕುದಿನೀರನ್ನೂ ಅದು ತೆರೆದವನ ಮುಖಕ್ಕೆ ಚಿಮ್ಮಿಸುತ್ತದೆ.

ಕಾರು ಮಂಗಳೂರಿನ ಬೀದಿಗಳಲ್ಲಿ ಸುಮ್ಮನಿದ್ದು ಘಾಟಿಯಲ್ಲಿಯೇ ಏಕೆ ಕುದಿಯಿತು? ಏರುದಾರಿಯಲ್ಲಿ ಎಂಜಿನ್ನು ಹೆಚ್ಚು ಪೆಟ್ರೋಲನ್ನು ಉರಿಸುತ್ತದೆ. ಹೆಚ್ಚು ಶಾಖ ಹುಟ್ಟುತ್ತದೆ. ಆದರೆ ಗಾಡಿಯ ವೇಗ ಕಡಮೆಯಾದುದರಿಂದ ರೇಡಿಯೇಟರಿನ ಮೂಲಕ ನುಗ್ಗುವ ಗಾಳಿ ಕಡಮೆ. ಅಷ್ಟೇ ಅಲ್ಲ. ಮಡಿಕೇರಿ ಸಮುದ್ರಮಟ್ಟದಿಂದ 1100 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ವ್ಯವಸ್ಥೆಯಲ್ಲಿ ಎಲ್ಲಿಯೋ ಒಂದು ಸೋರಿಕೆಯಿದ್ದರೆ ನೀರೂ ಹೋಗುತ್ತದೆ, ಒತ್ತಡವೂ ನಿಲ್ಲುವುದಿಲ್ಲ. ಬಯಲಿನಲ್ಲಿ ಅಡಗಿದ್ದ ದೋಷ ಬೆಟ್ಟದಲ್ಲಿ ಬಯಲಿಗೆ ಬರುವುದು ಹೀಗೆ.

ಈ ಕಾರಿನ ಚಾಲಕನಿಗೆ ದೋಷದ ಸುಳಿವು ಇರಲಿಲ್ಲವೆಂದಲ್ಲ. ತಿಂಗಳಿನಿಂದ ಅವನು ಪ್ರತಿದಿನ ಬೆಳಗ್ಗೆ ಒಂದು ಲೀಟರಿನಷ್ಟು ನೀರನ್ನು ರೇಡಿಯೇಟರಿಗೆ ಸುರಿಯುತ್ತಿದ್ದ; ಡಿಕ್ಕಿಯಲ್ಲಿ ಸದಾ ಒಂದು ನೀರಿನ ಡಬ್ಬವಿರುತ್ತಿತ್ತು. ಹಳೆಯ ಕಾರುಗಳ ಒಡೆಯರಲ್ಲಿ ಅನೇಕರು ಇದನ್ನು ಜಾಗರೂಕತೆಯೆಂದೇ ತಿಳಿದಿದ್ದಾರೆ. ವಾಸ್ತವವಾಗಿ ಅದು ರೋಗಿಗೆ ಔಷಧ ಕೊಡದೆ ನಿತ್ಯವೂ ಗಂಜಿ ಕುಡಿಸಿದಂತೆ. ಬಾವಿಯ, ಕೊಳವೆ ಬಾವಿಯ ಗಡುಸು ನೀರನ್ನು ದಿನವೂ ಸುರಿದರಂತೂ ಅದರಲ್ಲಿರುವ ಸುಣ್ಣದ ಅಂಶ ಕಿರುನಾಳಗಳ ಒಳಮೈಗೆ ಹತ್ತಿ, ಇದ್ದ ರೋಗಕ್ಕೆ ಮತ್ತೊಂದು ಸೇರುತ್ತದೆ.

ದಾರಿಯಲ್ಲಿ ಮಾಡಬಹುದಾದುದು ಸ್ವಲ್ಪವೇ. ಎಂಜಿನ್ನು ಆರುವವರೆಗೆ ತಾಳ್ಮೆಯಿಂದ ಕಾಯಬೇಕು. ಅರ್ಧ ಗಂಟೆ ಸಾಲದೆ ಬರಬಹುದು. ಮೇಲಿನ ಕೊಳವೆಯನ್ನು ಕೈಯಿಂದ ಹಿಡಿಯುವಷ್ಟು ತಣಿದ ಮೇಲೆ, ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಕಿ, ಮುಖವನ್ನು ದೂರವಿಟ್ಟು, ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ ಉಳಿದ ಒತ್ತಡವನ್ನು ಬಿಡಬೇಕು. ಕಾದ ಕಬ್ಬಿಣಕ್ಕೆ ತಣ್ಣೀರು ಒಮ್ಮೆಲೇ ತಗುಲಿದರೆ, ಬಿಸಿ ಗಾಜಿನ ಲೋಟದ ಗತಿಯೇ ಎಂಜಿನ್ನಿಗೂ ಆಗಬಹುದು. ಆದುದರಿಂದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುವುದು ಕ್ರಮ. ರೇಡಿಯೇಟರಿಗೆ ಅರಿಸಿನದ ಪುಡಿ ಹಾಕುವ ಉಪಾಯವೂ ನಮ್ಮ ರಸ್ತೆಗಳಲ್ಲಿ ಬಳಕೆಯಲ್ಲಿದೆ. ಪುಡಿ ಸಣ್ಣ ಸೀಳಿನಲ್ಲಿ ಸಿಕ್ಕಿಕೊಂಡು ಕೆಲಹೊತ್ತು ಸೋರಿಕೆಯನ್ನು ತಡೆಯುವುದುಂಟು; ಆದರೆ ಸೀಳಾವುದು, ಕಿರುನಾಳವಾವುದು ಎಂಬ ವಿವೇಕ ಅರಿಸಿನಕ್ಕಿಲ್ಲ.

ನಿಧಾನವಾಗಿ ಮಡಿಕೇರಿಯನ್ನು ತಲಪಿದ ಕಾರು ಗ್ಯಾರೇಜೊಂದಕ್ಕೆ ಬರುತ್ತದೆ. ಅನುಭವಿಯಾದ ಮೇಸ್ತ್ರಿ ಮೊದಲು ಸ್ಪ್ಯಾನರನ್ನು ಹಿಡಿಯುವುದಿಲ್ಲ, ಪ್ರಶ್ನೆಗಳನ್ನು ಕೇಳುತ್ತಾರೆ. ದಿನಕ್ಕೆ ಎಷ್ಟು ನೀರು ಬೇಕಾಗುತ್ತಿತ್ತು? ರಾತ್ರಿ ನಿಲ್ಲಿಸಿದಲ್ಲಿ ನೆಲ ಒದ್ದೆಯಾಗುತ್ತಿತ್ತೇ? ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ ಬರುತ್ತಿದೆಯೇ? ನೀರು ಹೊರಗೆ ಸೋರುತ್ತಿದೆಯೋ ಒಳಗೆ ಸೋರುತ್ತಿದೆಯೋ ಎಂಬುದನ್ನು ಮೊದಲು ನಿರ್ಧರಿಸಬೇಕಾಗಿದೆ.

ಒಳಗಿನ ಸೋರಿಕೆಯೇ ಹೆಚ್ಚು ಭಯಂಕರ. ಎಂಜಿನ್ನಿನ ಕೆಳಭಾಗಕ್ಕೂ ತಲೆಭಾಗಕ್ಕೂ ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆಯಿದೆ. ಅದು ಒಡೆದರೆ ನೀರು ಸಿಲಿಂಡರಿಗೆ ಇಳಿದು ಬಿಳಿಯ ಹೊಗೆಯಾಗಿ ಹೊರಬೀಳುತ್ತದೆ, ಇಲ್ಲವೆ ಎಣ್ಣೆಯೊಡನೆ ಬೆರೆಯುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಮೇಸ್ತ್ರಿಗಳು ಎಣ್ಣೆಯ ಮಟ್ಟವನ್ನು ಅಳೆಯುವ ಕಡ್ಡಿಯನ್ನು ಎಳೆದು ನೋಡುತ್ತಾರೆ. ನೀರು ಬೆರೆತ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಇಲ್ಲಿ ಎಣ್ಣೆ ಕಪ್ಪಾಗಿಯೇ ಇದೆ. ಹೊಗೆಯ ದೂರೂ ಇಲ್ಲ. ಚಾಲಕನ ಮುಖದಲ್ಲಿ ಸ್ವಲ್ಪ ಜೀವ ಬರುತ್ತದೆ.

ಹೊರಗಿನ ಸೋರಿಕೆಗೆ ದಾರಿಗಳು ಹಲವು. ರಬ್ಬರ್ ಕೊಳವೆಗಳು ವಯಸ್ಸಾದಂತೆ ಉಬ್ಬುತ್ತವೆ, ಬಿರಿಯುತ್ತವೆ. ಅವುಗಳ ಕೊರಳಿನ ಕ್ಲಿಪ್ಪುಗಳು ಸಡಿಲವಾಗುತ್ತವೆ. ರೇಡಿಯೇಟರಿನ ಬೆಸುಗೆ ಬಿಡುತ್ತದೆ. ಮುಚ್ಚಳದ ರಬ್ಬರು ಒಣಗುತ್ತದೆ. ಆದರೆ ಕಂಠಪೂರ್ತಿ ತುಂಬಿಸಿದ ರೇಡಿಯೇಟರು ಕಾದಾಗ ಹಿಗ್ಗಿದ ನೀರನ್ನು ಪಕ್ಕದ ಸಣ್ಣ ನಳಿಗೆಯಿಂದ ಹೊರಚೆಲ್ಲುವುದು ದೋಷವಲ್ಲ. ಅದನ್ನು ಸೋರಿಕೆಯೆಂದು ತಿಳಿದು ಹಣ ಕಳೆದುಕೊಂಡವರೂ ಇದ್ದಾರೆ.

ಈ ಕಾರಿನಲ್ಲಿ ಮೇಲಿನ ಕೊಳವೆ, ಎಂಜಿನ್ನಿನ ಎಡಬಲಗಳು ಎಲ್ಲವೂ ಒದ್ದೆ. ಗ್ಯಾರೇಜಿನ ಹುಡುಗನು “ಮೇಲಿನ ಪೈಪೇ ಒಡೆದಿದೆ, ಅಣ್ಣ” ಎನ್ನುತ್ತಾನೆ. ಮೇಸ್ತ್ರಿಗಳು ಒಪ್ಪುವುದಿಲ್ಲ. ನೀರು ಕಂಡ ಜಾಗದಲ್ಲಿಯೇ ನೀರು ಹುಟ್ಟಿರಬೇಕೆಂದಿಲ್ಲ. ಎಂಜಿನ್ನಿನ ಮುಂದೆ ತಿರುಗುವ ಫ್ಯಾನು ಒಂದು ಹನಿಯನ್ನು ಹತ್ತು ಕಡೆ ಎರಚುತ್ತದೆ. ಆದಕಾರಣ ಎಂಜಿನ್ನನ್ನು ನಿಲ್ಲಿಸಿಯೇ ಪರೀಕ್ಷಿಸಬೇಕು. ಆದರೆ ನಿಂತ, ತಣಿದ ಎಂಜಿನ್ನಿನಲ್ಲಿ ಒತ್ತಡವಿಲ್ಲ. ಒತ್ತಡವಿಲ್ಲದಿದ್ದರೆ ಸಣ್ಣ ಸೋರಿಕೆ ಕಾಣದು. ಈ ತೊಡಕನ್ನು ಒಂದು ಸರಳ ಸಾಧನ ಬಿಡಿಸುತ್ತದೆ. ಅದು ಒತ್ತಡ ಮಾಪಕವುಳ್ಳ ಕೈಪಂಪು. ಎಂಜಿನ್ನನ್ನು ಒಣಗಿಸಿ ಒರೆಸಿ, ಮುಚ್ಚಳದ ಜಾಗದಲ್ಲಿ ಇದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವ ಒತ್ತಡದವರೆಗೆ ಮಾತ್ರ ಗಾಳಿ ತುಂಬುತ್ತಾರೆ. ಮುಳ್ಳು ಅಲುಗದೆ ನಿಂತರೆ ವ್ಯವಸ್ಥೆ ಭದ್ರ. ಇಲ್ಲಿ ಮುಳ್ಳು ಮೆಲ್ಲಮೆಲ್ಲನೆ ಇಳಿಯುತ್ತದೆ. ಟಾರ್ಚಿನ ಬೆಳಕಿನಲ್ಲಿ ನೋಡಿದಾಗ ಕೊಳವೆ ಒಣಗಿಯೇ ಇದೆ. ಪಂಪಿನ ಹೊಟ್ಟೆಯಡಿಯ ಸಣ್ಣ ರಂಧ್ರದಿಂದ ಹನಿಯೊಂದು ಇಣುಕಿ, ತೂಗಿ, ಬೀಳುತ್ತದೆ.

ಆ ರಂಧ್ರ ಅಕಸ್ಮಾತ್ತಾಗಿ ಆದುದಲ್ಲ, ಬೇಕೆಂದೇ ಕೊರೆದುದು. ಪಂಪಿನ ದಂಡದ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಬೇರಿಂಗು; ನಡುವೆ ನೀರನ್ನು ತಡೆಯುವ ಸೀಲು. ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಈ ಕಿಂಡಿಯಿಂದ ಹೊರಬೀಳಲೆಂದು ತಯಾರಕರು ಅದನ್ನು ಇಟ್ಟಿದ್ದಾರೆ. ಇದನ್ನರಿಯದೆ ಕಿಂಡಿಯನ್ನೇ ಅಂಟು ಹಾಕಿ ಮುಚ್ಚಿಬಿಡುವವರೂ ಉಂಟು. ಆಗ ಹನಿ ನಿಲ್ಲುತ್ತದೆ ನಿಜ. ಆದರೆ ನೀರು ಬೇರಿಂಗನ್ನು ತಿನ್ನುತ್ತದೆ. ಪಂಪಿನ ದಂಡಕ್ಕೇ ಫ್ಯಾನು ಜೋಡಿಸಿರುವುದರಿಂದ, ಬೇರಿಂಗು ಮುರಿದ ದಿನ ಫ್ಯಾನು ಮುಂದಕ್ಕೆ ವಾಲಿ ರೇಡಿಯೇಟರನ್ನೇ ಕೊರೆದೀತು. ಮೇಸ್ತ್ರಿಗಳು ಫ್ಯಾನಿನ ಎರಡು ರೆಕ್ಕೆಗಳನ್ನು ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಅದು ಆಗಲೇ ಸ್ವಲ್ಪ ಕುಲುಕುತ್ತಿದೆ.

ಈ ಕಾರನ್ನು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುವುದು 2014ರಲ್ಲಿಯೇ ನಿಂತುಹೋಯಿತು. ಆದರೂ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹುಡುಕಿದರೆ ಪಂಪು ಸಿಕ್ಕೀತು. ಹೊಸ ಪಂಪನ್ನು ಕೂರಿಸುವ ಮೊದಲು ಹಳೆಯ ಗ್ಯಾಸ್ಕೆಟಿನ ಚೂರುಗಳನ್ನು ಪೂರ್ತಿಯಾಗಿ ಕೆರೆದು ತೆಗೆಯಬೇಕು. ಅಕ್ಕಿಕಾಳಿನಷ್ಟು ಉಳಿದರೂ ಅಲ್ಲಿಂದಲೇ ಮತ್ತೆ ಸೋರುತ್ತದೆ. ಹೇಗೂ ನೀರು ಬಸಿದಿರುವುದರಿಂದ ಮೆತ್ತಗಾಗಿದ್ದ ಕೆಳಗಿನ ಕೊಳವೆಯನ್ನೂ ಬದಲಾಯಿಸುತ್ತಾರೆ. ಅಂಟಿಕೊಂಡ ಕೊಳವೆಯನ್ನು ಜಗ್ಗಿದರೆ ರೇಡಿಯೇಟರಿನ ಬೆಸೆದ ಕೊರಳೇ ಕಿತ್ತುಬರುವ ಭಯವಿದೆ. ಆದುದರಿಂದ ಅದನ್ನು ಉದ್ದಕ್ಕೆ ಸೀಳಿ ಬಿಡಿಸುತ್ತಾರೆ.

ಕೊನೆಗೆ ಶುದ್ಧೀಕರಿಸಿದ ನೀರಿಗೆ ಕೂಲಂಟನ್ನು ಬೆರೆಸಿ ತುಂಬುತ್ತಾರೆ. ಕೂಲಂಟು ತುಕ್ಕನ್ನು ತಡೆಯುತ್ತದೆ, ಕುದಿಬಿಂದುವನ್ನು ಇನ್ನಷ್ಟು ಏರಿಸುತ್ತದೆ. ಅದರ ಬಣ್ಣದಿಂದ ಮುಂದಿನ ಸೋರಿಕೆಯನ್ನು ಗುರುತಿಸುವುದೂ ಸುಲಭ. ಆದರೆ ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಚೆಲ್ಲಿದುದನ್ನು ನಾಯಿಯೋ ದನವೋ ಮಗುವೋ ನೆಕ್ಕದಂತೆ ಕೂಡಲೆ ತೊಳೆಯಬೇಕು. ಮುಚ್ಚಳ ಹಾಕದೆಯೇ ತಣ್ಣಗಿನ ಎಂಜಿನ್ನನ್ನು ಚಾಲೂ ಮಾಡಿ, ಒಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಗಳಾಗಿ ಹೊರಬಂದಂತೆ ಇಳಿದ ಮಟ್ಟವನ್ನು ತುಂಬಿ, ಬಳಿಕ ಮುಚ್ಚುತ್ತಾರೆ.

ಆ ರಾತ್ರಿ ಕಾರಿನ ಮುಂಭಾಗದ ಕೆಳಗೆ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಹರಡಿಡುತ್ತಾರೆ. ಬೆಳಗ್ಗೆ ಚಾಲಕನು ಬಗ್ಗಿ ಅವನ್ನು ಎಳೆದು ನೋಡುತ್ತಾನೆ. ಮಡಿಕೇರಿಯ ಮಂಜಿಗೆ ಅಂಚು ತುಸು ಮೆತ್ತಗಾಗಿದೆ. ನಡುವೆ ಎಲ್ಲಿಯೂ ಹನಿ ಬಿದ್ದ ಕಲೆಯಿಲ್ಲ.