ಕೊನೆಯ ಗಳಿಗೆಯ ನಿರ್ಧಾರ ಯಾರದು?

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದಾಗ ನಾವು ಮಾಡುವ ಮೊದಲ ಕೆಲಸವೇನು? ರೋಗಿಯ ಕಣ್ಣಿಗೆ ಬೀಳದಂತೆ ಫೈಲನ್ನು ಬಚ್ಚಿಡುವುದು. "ಅವರಿಗೆ ಹೇಳಬೇಡಿ ಡಾಕ್ಟರೇ, ತಡೆದುಕೊಳ್ಳಲಾರರು" ಎಂದು ಗುಟ್ಟಾಗಿ ವಿನಂತಿಸುವುದು. ರೋಗಿ ಮನೆಯ ತಾಯಿಯಾಗಿದ್ದರಂತೂ ಹೇಳುವುದೇ ಬೇಡ. ಗಂಡ, ಗಂಡುಮಕ್ಕಳು, ಅಳಿಯಂದಿರು ಎಲ್ಲರೂ ಕೂತು ತೀರ್ಮಾನಿಸುತ್ತಾರೆ, ಆಕೆಯೊಬ್ಬಳನ್ನು ಬಿಟ್ಟು. ಇದರ ಹಿಂದೆ ಪ್ರೀತಿಯಿದೆ ಎಂಬುದು ನಿಜ. ಆದರೆ ಈ ಮೌನದ ಬೆಲೆಯನ್ನು ಕೊನೆಗೆ ಆ ರೋಗಿಯೇ ತೆರಬೇಕಾಗುತ್ತದೆ.

ರೋಗ ಶ್ವಾಸಕೋಶಕ್ಕೋ ಯಕೃತ್ತಿಗೋ ಹರಡಿದ ಮೇಲೆ ಒಂದು ನಡುರಾತ್ರಿ ಉಸಿರಾಟ ಏರುಪೇರಾಗುತ್ತದೆ. ಡ್ಯೂಟಿ ಡಾಕ್ಟರ್ ಕೇಳುತ್ತಾರೆ: "ಹೃದಯ ನಿಂತರೆ ಸಿ.ಪಿ.ಆರ್. ಮಾಡಬೇಕೇ? ವೆಂಟಿಲೇಟರ್ ಹಾಕಬೇಕೇ?" ಉತ್ತರಿಸಬೇಕಾದವರಿಗೆ ಪ್ರಜ್ಞೆಯಿಲ್ಲ. ಕಾರಿಡಾರಿನಲ್ಲಿ ನಿಂತ ಮಗನಿಗೆ ತಾಯಿಯ ಇಚ್ಛೆ ಏನೆಂದು ತಿಳಿಯದು. 'ಬೇಡ' ಎಂದರೆ ಹೆತ್ತವಳನ್ನು ಕೊಂದ ಪಾಪ ಬಂದೀತೇ ಎಂಬ ಭಯ. "ಏನೇನು ಸಾಧ್ಯವೋ ಎಲ್ಲ ಮಾಡಿ" ಎಂದು ಸಹಿ ಹಾಕುತ್ತಾನೆ.

'ಎಲ್ಲ' ಎಂದರೆ ಏನು?

ನಿಂತ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಲು ಎದೆಯನ್ನು ಎರಡೂ ಕೈಗಳಿಂದ ಒತ್ತುವುದೇ ಸಿ.ಪಿ.ಆರ್. ದೊಡ್ಡವರಿಗಾದರೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತಬೇಕು. ಎಷ್ಟೋ ಸಲ ಪಕ್ಕೆಲುಬುಗಳು ಮುರಿಯುತ್ತವೆ. ಹೃದಯ ಮರಳಿ ಬಡಿದರೂ ಗಂಟಲಿಗೆ ಕೊಳವೆ, ವೆಂಟಿಲೇಟರ್, ಐಸಿಯು ವಾಸ ತಪ್ಪುವುದು ಅಪರೂಪ.

ತಪ್ಪು ತಿಳಿಯಬೇಡಿ. ಹಠಾತ್ ಹೃದಯಾಘಾತವಾದವರಿಗೆ, ನೀರಿನಲ್ಲಿ ಮುಳುಗಿದವರಿಗೆ, ಕರೆಂಟ್ ಹೊಡೆದವರಿಗೆ ಈ ಚಿಕಿತ್ಸೆ ಜೀವದಾನ ಮಾಡಬಲ್ಲದು. ಆದರೆ ಕ್ಯಾನ್ಸರಿನ ಕೊನೆಯ ಹಂತದಲ್ಲಿ ಸಾಮಾನ್ಯವಾಗಿ ಒಂದೊಂದೇ ಅಂಗ ಸೋತು, ಕಟ್ಟಕಡೆಗೆ ಹೃದಯ ನಿಲ್ಲುತ್ತದೆ. ಅದನ್ನು ಮತ್ತೆ ಬಡಿಸಿದರೂ ಮೂಲರೋಗ ಅಲ್ಲೇ ಇರುತ್ತದೆ. 42 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಆಸ್ಪತ್ರೆಯಲ್ಲಿ ಸಿ.ಪಿ.ಆರ್.ಗೆ ಒಳಗಾದ ಕ್ಯಾನ್ಸರ್ ರೋಗಿಗಳಲ್ಲಿ ಬದುಕಿ ಡಿಸ್ಚಾರ್ಜ್ ಆದವರು ನೂರಕ್ಕೆ ಸುಮಾರು ಆರು ಮಂದಿ ಮಾತ್ರ. ಐಸಿಯುನಲ್ಲಿ ಇದ್ದವರ ಪೈಕಿ ನೂರಕ್ಕೆ ಇಬ್ಬರು.

ರೋಗಿಗಳು ಏನೆನ್ನುತ್ತಾರೆ?

ಅಮೇರಿಕಾದಲ್ಲಿ ಉಲ್ಬಣಿಸಿದ ಕ್ಯಾನ್ಸರಿನ 150 ರೋಗಿಗಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸಿ.ಪಿ.ಆರ್. ಬಗ್ಗೆ ಬಾಯಿಮಾತಿನಲ್ಲಿ ವಿವರಿಸಲಾಯಿತು. ಇನ್ನೊಂದು ಗುಂಪಿಗೆ ಅದನ್ನು ಪುಟ್ಟ ವೀಡಿಯೋದಲ್ಲಿ ತೋರಿಸಲಾಯಿತು. ಕೇಳಿದವರಲ್ಲಿ ಶೇ. 48 ಮಂದಿ ತಮಗದು ಬೇಕೆಂದರು. ನೋಡಿದವರಲ್ಲಿ ಬೇಕೆಂದವರು ಶೇ. 20 ಮಾತ್ರ. ಎಲ್ಲರ ಕಾಯಿಲೆಯೂ ಒಂದೇ ಬಗೆಯದು, ತಿಳುವಳಿಕೆಯಲ್ಲಷ್ಟೇ ವ್ಯತ್ಯಾಸ. ಹಾಗೆಯೇ, ಕಣ್ಣಾರೆ ನೋಡಿದ ಮೇಲೂ ಐವರಲ್ಲಿ ಒಬ್ಬರು ಬೇಕೆಂದರು ಎಂಬುದನ್ನು ಮರೆಯದಿರಿ. ಅಂಥವರ ಇಚ್ಛೆಗೂ ಅಷ್ಟೇ ಗೌರವ ಸಲ್ಲಬೇಕು.

ಸಾವಿನ ಮಾತೆತ್ತಿದರೆ ರೋಗಿ ಕುಗ್ಗಿಹೋದಾರು ಎಂದು ನೀವು ಹೇಳಬಹುದು. 2008ರ ಇನ್ನೊಂದು ಅಮೇರಿಕನ್ ಅಧ್ಯಯನದಲ್ಲಿ ಕೊನೆಗಾಲದ ಬಗ್ಗೆ ವೈದ್ಯರೊಡನೆ ಮಾತನಾಡಿದ್ದ ರೋಗಿಗಳಲ್ಲಿ ಖಿನ್ನತೆ ಹೆಚ್ಚಿರಲಿಲ್ಲ. ಕೊನೆಯ ದಿನಗಳಲ್ಲಿ ಯಂತ್ರಗಳ ನಡುವೆ ಹೆಚ್ಚು ಹೆಣಗಾಡಿದವರ ಮನೆಯವರೇ ಆ ಬಳಿಕ ಖಿನ್ನತೆಗೆ ಬೀಳುವ ಅಪಾಯ ಹೆಚ್ಚಿತ್ತು.

ಇದು ಪಾಪವಲ್ಲವೇ?

ನಮ್ಮನ್ನು ಹೆಚ್ಚು ಕಾಡುವ ಪ್ರಶ್ನೆಯಿದು. ಜೀವ ಅಲ್ಲಾಹನ ಅಮಾನತ್ತು. ಅದನ್ನು ತೆಗೆಯುವ ಅಧಿಕಾರ ರೋಗಿಗೂ ಇಲ್ಲ, ವೈದ್ಯನಿಗೂ ಇಲ್ಲ. ಸಾಯಿಸಲೆಂದು ಇಂಜೆಕ್ಷನ್ ಕೊಡುವುದು ಹರಾಮ್. ಇದರಲ್ಲಿ ಎರಡು ಮಾತಿಲ್ಲ. ಆದರೆ ಫಲವಿಲ್ಲದ ಚಿಕಿತ್ಸೆಯನ್ನು ಹೇರದಿರುವುದು ಬೇರೆಯೇ ವಿಷಯ. ಸೌದಿ ಅರೇಬಿಯಾದ ಫತ್ವಾ ಸಮಿತಿಯು 1988ರ ತನ್ನ 12086ನೇ ಫತ್ವಾದಲ್ಲಿ, ಇನ್ನು ಫಲವಿಲ್ಲ ಎಂದು ಮೂವರು ನಂಬಿಕಸ್ಥ ತಜ್ಞ ವೈದ್ಯರು ಒಮ್ಮತದಿಂದ ಹೇಳಿದರೆ ಇಂಥ ಪುನಶ್ಚೇತನ ಯತ್ನವನ್ನು ಕೈಬಿಡಬಹುದೆಂದು ಹೇಳಿದೆ. ನಿಮ್ಮ ಮನೆಯ ಸಂದರ್ಭವನ್ನು ವಿವರಿಸಿ ನೀವು ನಂಬುವ ವಿದ್ವಾಂಸರಲ್ಲಿ ವಿಚಾರಿಸಿರಿ.

ಮೂರ್ಛೆರೋಗದ ಮಹಿಳೆಯೊಬ್ಬರು ಪ್ರವಾದಿ(ಸ)ಯವರ ಬಳಿ ಬಂದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಬೇಕಾದರೆ ಸಹನೆ ವಹಿಸಿ ಸ್ವರ್ಗ ಪಡೆಯಬಹುದು, ಬೇಕಾದರೆ ಗುಣವಾಗಲೆಂದು ಪ್ರಾರ್ಥಿಸುವೆನೆಂದು ಪ್ರವಾದಿ(ಸ) ತಿಳಿಸಿದರು. ಆಕೆ ಸಹನೆಯನ್ನು ಆರಿಸಿಕೊಂಡರು. ಮೂರ್ಛೆ ಬಂದಾಗ ತನ್ನ ಮೈ ಬಯಲಾಗದಿರಲೆಂದು ಮಾತ್ರ ಪ್ರಾರ್ಥಿಸಲು ಕೋರಿದರು. ಸಹೋದರಿಯರೇ, ಇಲ್ಲಿ ಗಮನಿಸಿ: ಪ್ರವಾದಿ(ಸ) ಆಕೆಯ ತಂದೆಯನ್ನೋ ಗಂಡನನ್ನೋ ಕೇಳಲಿಲ್ಲ. ಆಯ್ಕೆಯನ್ನು ರೋಗಿಯ ಮುಂದೆಯೇ ಇಟ್ಟರು. ಆಕೆಗೆ ತನ್ನ ಮಾನದ ಚಿಂತೆಯಿತ್ತು, ಅದಕ್ಕೂ ಬೆಲೆ ಕೊಟ್ಟರು. ನಮ್ಮ ಮನೆಗಳಲ್ಲಿ ಹಾಗೆ ನಡೆಯುತ್ತಿದೆಯೇ?

ಕಾನೂನು ಏನೆನ್ನುತ್ತದೆ?

ನಮ್ಮ ದೇಶದ ಕಾನೂನೂ ಈಗ ರೋಗಿಯ ಮಾತಿಗೆ ಮನ್ನಣೆ ಕೊಟ್ಟಿದೆ. ಸುಪ್ರೀಮ್ ಕೋರ್ಟು 2018ರ ಮಾರ್ಚ್ 9ರಂದು ನೀಡಿದ ತೀರ್ಪು, ಗುಣವಾಗದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಒಪ್ಪಿತು. 2023ರ ಜನವರಿಯಲ್ಲಿ ನಿಯಮಗಳನ್ನು ಸರಳಗೊಳಿಸಿತು. ಪ್ರಾಯಕ್ಕೆ ಬಂದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನ್ನ ಪರವಾಗಿ ಮಾತನಾಡಬೇಕಾದವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಮನಸ್ಸು ಬದಲಾದರೆ ಅದನ್ನು ರದ್ದುಪಡಿಸಬಹುದು. ರೋಗಿಗೆ ಸ್ವತಃ ಹೇಳಲಾಗದ ಸ್ಥಿತಿ ಬಂದಾಗ ಮಾತ್ರ ಅದು ಜಾರಿಗೆ ಬರುತ್ತದೆ. ಆಗಲೂ ವೈದ್ಯರ ಎರಡು ಮಂಡಳಿಗಳು ಪರಿಶೀಲಿಸಬೇಕು. ಇದನ್ನು ಜಾರಿಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಆಸ್ತಿಯ ವಸಿಯ್ಯತ್ ಬರೆದಿಡುವ ನಾವು ಈ ದೇಹದ ಬಗ್ಗೆ ನಾಲ್ಕು ಸಾಲು ಬರೆದಿಡಬಾರದೇ?

ಸಿ.ಪಿ.ಆರ್. ಬೇಡವೆಂದರೆ ಆರೈಕೆ ಬೇಡವೆಂದಲ್ಲ. ಸಿ.ಪಿ.ಆರ್. ಕೈಬಿಡುವ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೊರತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ನೋವಿಗೆ ಮಾರ್ಫಿನ್, ಉಬ್ಬಸಕ್ಕೆ ಔಷಧಿ, ಹುಣ್ಣಿಗೆ ಡ್ರೆಸ್ಸಿಂಗ್, ಮನಸ್ಸಿಗೆ ಸಾಂತ್ವನ ಎಲ್ಲವೂ ಮುಂದುವರಿಯಬೇಕು. ಇದನ್ನೇ ಪ್ಯಾಲಿಯೇಟಿವ್ ಕೇರ್ ಎನ್ನುವುದು. ಬೆಂಗಳೂರಿನ ಕರುಣಾಶ್ರಯ 1999ರಿಂದಲೂ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. 2010ರಲ್ಲಿ ಪ್ರಕಟವಾದ ಅಮೇರಿಕಾದ ಅಧ್ಯಯನವೊಂದರಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ ರೋಗಿಗಳ ಪೈಕಿ ಈ ಆರೈಕೆಯನ್ನು ಆರಂಭದಲ್ಲೇ ಪಡೆದವರು ಸರಾಸರಿ 11.6 ತಿಂಗಳು, ಉಳಿದವರು 8.9 ತಿಂಗಳು ಬದುಕಿದ್ದರು.

ಆದ್ದರಿಂದ ರೋಗಿಗೆ ಮಾತಾಡುವ ಶಕ್ತಿ ಇರುವಾಗಲೇ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿ: "ಕಾಯಿಲೆಯ ಬಗ್ಗೆ ನಿಮಗೆಷ್ಟು ತಿಳಿಯಬೇಕೆನಿಸುತ್ತದೆ? ಯಾವುದಕ್ಕೆ ಹೆದರಿಕೆಯಾಗುತ್ತದೆ? ಕೊನೆಗೆ ಎಲ್ಲಿರಬೇಕು, ಯಾರು ಹತ್ತಿರವಿರಬೇಕು? ನಿಮಗೆ ಹೇಳಲಾಗದಿದ್ದರೆ ಯಾರನ್ನು ಕೇಳಬೇಕು?" ಒಂದೇ ದಿನ ಉತ್ತರ ಸಿಗಲಿಕ್ಕಿಲ್ಲ. ಅವರಿಗೆ ಈಗ ಮಾತು ಬೇಡವೆನಿಸಿದರೆ ಒತ್ತಾಯಿಸಬೇಡಿ, ಇನ್ನೊಂದು ದಿನ ಕೇಳಿ.

ತುಟಿಗೆ ನಾಲ್ಕು ಹನಿ ನೀರು, ಕಿವಿಯ ಬಳಿ ಮೆಲುದನಿಯ ಕಲಿಮಾ, ಕೈ ಹಿಡಿದ ಮಗಳು. ಹೆಚ್ಚಿನವರು ಬಯಸುವ ಕೊನೆ ಇಷ್ಟೇ. ಐಸಿಯುವಿನ ಮುಚ್ಚಿದ ಬಾಗಿಲ ಹಿಂದೆ ಅದು ಸಿಗುವುದು ಕಷ್ಟ. ನಿಮ್ಮವರಿಗೆ ಬೇಕಾದುದು ಏನೆಂದು ಅವರನ್ನೇ ಕೇಳಿ ತಿಳಿದುಕೊಳ್ಳಿ.